ಅಜ್ಜಿಯ ಮದ್ದು, ಮೊಮ್ಮಗಳ ರೆಪ್ಪೆ

ಸಹೋದರಿಯರೇ, ಮನೆಯ ಗುಟ್ಟನ್ನು ಪತ್ರಿಕೆಯಲ್ಲಿ ಬರೆಯಬೇಕೋ ಬೇಡವೋ ಎಂದು ಬಹಳ ದಿನ ಯೋಚಿಸಿದೆ. ಕೊನೆಗೆ ಮಗಳೇ, "ಬರೆಯಿರಿ ಉಮ್ಮಾ, ಇನ್ನೊಬ್ಬಳು ಹೀಗೆ ಮಾಡದಿರಲಿ" ಎಂದಳು. ಅವಳ ಒಪ್ಪಿಗೆಯಿಂದಲೇ ಬರೆಯುತ್ತಿದ್ದೇನೆ.

ನನ್ನ ಅತ್ತೆಗೆ ಗ್ಲುಕೋಮಾ ಇದೆ. ಕಣ್ಣಿನೊಳಗಿನ ಒತ್ತಡ ಹೆಚ್ಚಾಗಿ ದೃಷ್ಟಿಯ ನರ ಹಾಳಾಗುವ ಕಾಯಿಲೆ ಇದು. ಹೋದ ದೃಷ್ಟಿ ಮರಳಿ ಬರುವುದಿಲ್ಲ. ಉಳಿದದ್ದನ್ನು ಉಳಿಸಿಕೊಳ್ಳಬಹುದು, ಅಷ್ಟೇ. ಅದಕ್ಕಾಗಿ ಪ್ರತಿ ರಾತ್ರಿ ಇಶಾ ನಮಾಝ್ ಮುಗಿದ ಮೇಲೆ ಅವರ ಎರಡೂ ಕಣ್ಣಿಗೆ ಒಂದೊಂದು ಹನಿ ಬಿಮಾಟೊಪ್ರಾಸ್ಟ್ ಎಂಬ ಮದ್ದು ಬೀಳಬೇಕು. ಮದ್ದು ಆರಂಭಿಸಿದ ನಾಲ್ಕೈದು ತಿಂಗಳಲ್ಲಿ ಅತ್ತೆಯ ರೆಪ್ಪೆಗೂದಲು ಉದ್ದವಾಗಿ, ದಟ್ಟವಾಗಿ ಬೆಳೆಯಿತು. ಒಂದು ರಾತ್ರಿ ಊಟಕ್ಕೆ ಕುಳಿತಾಗ, "ಈ ವಯಸ್ಸಿನಲ್ಲಿ ನಿಮಗೆ ಮದುಮಗಳ ಕಣ್ಣು ಬಂದಿದೆಯಲ್ಲಾ!" ಎಂದು ನಾನು ತಮಾಷೆ ಮಾಡಿದೆ. ಎಲ್ಲರೂ ನಕ್ಕರು. ಮಗಳೂ ನಕ್ಕಳು.

ಅದೇ ತಿಂಗಳು ಮಗಳನ್ನು ನೋಡಲು ಒಂದು ಮನೆಯಿಂದ ಹೆಂಗಸರು ಬಂದಿದ್ದರು. ಅವರಲ್ಲೊಬ್ಬರು ಅವಳೆದುರೇ, "ಹುಡುಗಿ ಚೆನ್ನಾಗಿದ್ದಾಳೆ, ಆದರೆ ರೆಪ್ಪೆಯಲ್ಲಿ ಕೂದಲೇ ಇಲ್ಲವಲ್ಲ" ಎಂದುಬಿಟ್ಟರು. ಆ ಸಂಬಂಧ ಮುಂದುವರಿಯಲಿಲ್ಲ. ನಾವು ಮರೆತೆವು. ಮಗಳು ಮರೆಯಲಿಲ್ಲ. ಮುಖ ಮುಚ್ಚಿ ಹೊರಗೆ ಹೋಗುವ ನಮ್ಮ ಹುಡುಗಿಯರಿಗೆ ಕಣ್ಣೇ ಮುಖವಲ್ಲವೇ?

ಸುಮಾರು ಮೂರು ತಿಂಗಳು ಕಳೆದಿರಬೇಕು. ತಪಾಸಣೆಗೆ ಕರೆದುಕೊಂಡು ಹೋದಾಗ, ಹದಿನಾರರಲ್ಲಿ ನಿಂತಿದ್ದ ಅತ್ತೆಯ ಕಣ್ಣಿನ ಒತ್ತಡ 24ಕ್ಕೆ ಏರಿತ್ತು. ವೈದ್ಯೆ ಕೇಳಿದರು, "ಮದ್ದು ತಪ್ಪಿಸಿದ್ದೀರಾ?" ಅತ್ತೆ ತಲೆ ತಗ್ಗಿಸಿದರು. ಒಂದು ತಿಂಗಳು ಬರಬೇಕಾದ ಬಾಟಲಿ ಇಪ್ಪತ್ತು ದಿನಕ್ಕೇ ಖಾಲಿಯಾಗುತ್ತಿತ್ತಂತೆ. ತನ್ನ ಕೈ ನಡುಗಿ ಹೆಚ್ಚು ಹನಿ ಬೀಳುತ್ತಿದೆ ಎಂದು ಭಾವಿಸಿ, ಮಗನಿಗೆ ಖರ್ಚು ಹೆಚ್ಚಿಸಬಾರದೆಂದು, ಉಳಿದ ಹತ್ತು ದಿನ ಮದ್ದಿಲ್ಲದೆ ಸುಮ್ಮನಿರುತ್ತಿದ್ದರು.

ಮನೆಗೆ ಬಂದು ಮಗಳ ಮುಖ ನೋಡಿದೆ. ರೆಪ್ಪೆಯ ಅಂಚು ಕೆಂಪಾಗಿತ್ತು. ರೆಪ್ಪೆಯ ಚರ್ಮ ಕಪ್ಪಿಟ್ಟಿತ್ತು. ನಿದ್ದೆ ಕಡಿಮೆಯಾಗಿರಬೇಕು ಎಂದುಕೊಂಡು ನಾನು ಅಷ್ಟು ದಿನ ಸುಮ್ಮನಿದ್ದೆ. ಕೇಳಿದಾಗ ಅತ್ತುಬಿಟ್ಟಳು. ಅಜ್ಜಿಯ ಬಾಟಲಿಯಿಂದ ಬೆರಳಿಗೆ ಹನಿ ಹಾಕಿಕೊಂಡು ಮೇಲಿನ, ಕೆಳಗಿನ ಎರಡೂ ರೆಪ್ಪೆಗೆ ತಿಕ್ಕುತ್ತಿದ್ದಳಂತೆ.

ಮರುದಿನ ಅವಳನ್ನೂ ಅದೇ ವೈದ್ಯೆಯ ಬಳಿ ಕರೆದೊಯ್ದೆ. ಅಂದು ಕಲಿತದ್ದನ್ನೂ ನಂತರ ಓದಿ ತಿಳಿದದ್ದನ್ನೂ ನಿಮಗೆ ಹೇಳುತ್ತೇನೆ. ಈ ಮದ್ದಿನಿಂದ ರೆಪ್ಪೆಗೂದಲು ಬೆಳೆಯುವುದು ಸುಳ್ಳಲ್ಲ. ಅಮೆರಿಕದಲ್ಲಿ 2001ರಲ್ಲಿ ಗ್ಲುಕೋಮಾಕ್ಕೆ ಒಪ್ಪಿಗೆ ಪಡೆದ ಇದನ್ನು, 2008ರ ಡಿಸೆಂಬರಿನಲ್ಲಿ ರೆಪ್ಪೆಗೂದಲು ಬೆಳೆಸುವುದಕ್ಕೂ ಅಲ್ಲಿ ಒಪ್ಪಲಾಯಿತು. ಆದರೆ ಅದಕ್ಕೆ ಕ್ರಮವಿದೆ. ವೈದ್ಯರು ಕಣ್ಣು ಪರೀಕ್ಷಿಸಿ ಬರೆದುಕೊಡಬೇಕು. ರಾತ್ರಿ ಒಮ್ಮೆ ಮಾತ್ರ, ಮುಖ ತೊಳೆದು, ಮೇಲಿನ ರೆಪ್ಪೆಗೂದಲಿನ ಬುಡಕ್ಕೆ ಮಾತ್ರ ಹಚ್ಚಬೇಕು. ಕೆಳಗಿನ ರೆಪ್ಪೆಗೆ ಹಚ್ಚಬಾರದು. ಪ್ರತಿ ಕಣ್ಣಿಗೂ ಹೊಸ, ಶುದ್ಧವಾದ ಕಡ್ಡಿ ಬೇಕು. ಲೆನ್ಸ್ ಹಾಕುವವರು ಅದನ್ನು ತೆಗೆದು, ಹಚ್ಚಿದ ಹದಿನೈದು ನಿಮಿಷದ ನಂತರವೇ ಮತ್ತೆ ಹಾಕಬೇಕು. ಮದ್ದು ಸೋರಿ ಪದೇ ಪದೇ ತಾಗಿದ ಕಡೆಯೂ ಕೂದಲು ಬೆಳೆಯಬಹುದು. ತುರಿಕೆ, ಕೆಂಪು, ರೆಪ್ಪೆ ಕಪ್ಪಾಗುವುದು, ಕಣ್ಣು ಗುಳಿ ಬಿದ್ದಂತಾಗುವುದು ಇದರ ಅಡ್ಡ ಪರಿಣಾಮಗಳು. ಕಣ್ಣಿನ ಬಣ್ಣವೂ ಕಂದಾಗಬಹುದು. ಆ ಬದಲಾವಣೆ ಮರಳಿ ಹೋಗದು. ಬಸುರಿಯರೂ ಹಾಲೂಡಿಸುವವರೂ ವೈದ್ಯರನ್ನು ಕೇಳದೆ ಮುಟ್ಟಲೇಬಾರದು.

ಇಷ್ಟೆಲ್ಲ ಮಾಡಿದರೂ ಫಲ ಕಾಣಲು ಎರಡು ತಿಂಗಳು, ಪೂರ್ತಿ ಕಾಣಲು ನಾಲ್ಕು ತಿಂಗಳು ಬೇಕು. ಹಚ್ಚುವುದನ್ನು ನಿಲ್ಲಿಸಿದರೆ ರೆಪ್ಪೆಗೂದಲು ನಿಧಾನವಾಗಿ ಮೊದಲಿನಂತೆಯೇ ಆಗುತ್ತದೆ.

"ಅಂಗಡಿಯ ಸೀರಮ್ ಮದ್ದಲ್ಲವಲ್ಲ?" ಎಂದು ನೀವು ಕೇಳಬಹುದು. ಕೆಲವು ಸೀರಮ್‌ಗಳಲ್ಲಿ ಇದೇ ಜಾತಿಯ ರಾಸಾಯನಿಕವನ್ನು ಬೇರೆ ಹೆಸರಿನಲ್ಲಿ ಬೆರೆಸಿರುತ್ತಾರೆ. ಐಸೊಪ್ರೊಪಿಲ್ ಕ್ಲೋಪ್ರೊಸ್ಟಿನೇಟ್ ಎಂಬುದು ಅಂಥದ್ದೊಂದು. ಡಬ್ಬಿಯ ಮೇಲಿನ ಸಣ್ಣ ಅಕ್ಷರ ಓದಿ. ಏನಿದೆ ಎಂದೇ ಬರೆಯದ ಬಾಟಲಿಯನ್ನು ಕೊಳ್ಳಲೇಬೇಡಿ. ಹರಳೆಣ್ಣೆಯಿಂದ ಕೂದಲು ಬೆಳೆಯುತ್ತದೆ ಎಂಬುದಕ್ಕೆ ಒಳ್ಳೆಯ ಪುರಾವೆಯಿಲ್ಲ, ಕಣ್ಣಿಗಿಳಿದರೆ ಉರಿಯಬಹುದು.

ಇನ್ನು ಸುರುಮಾದ ಮಾತು. ಇಸ್ಮಿದ್ ಎಂಬ ಸುರುಮಾ ದೃಷ್ಟಿಗೆ ಒಳ್ಳೆಯದು, ರೆಪ್ಪೆಗೂದಲನ್ನೂ ಬೆಳೆಸುತ್ತದೆ ಎಂಬ ಅರ್ಥದ ಹದೀಸನ್ನು ನಾನೇ ಮದ್ರಸಾದಲ್ಲಿ ಮಕ್ಕಳಿಗೆ ಕಲಿಸಿದ್ದೇನೆ. ಆದರೆ ಇಂದು ಸುರುಮಾ ಎಂಬ ಹೆಸರಲ್ಲಿ ಮಾರುವ ಪುಡಿಗಳಲ್ಲಿ ಸೀಸವಿರುವುದು ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಕಂಡುಬಂದಿದೆ. ಸೀಸ ಮಕ್ಕಳ ಮಿದುಳಿಗೆ ವಿಷ. ಹದೀಸಿನ ಹೆಸರು ಹೇಳಿ ಸೀಸ ಮಾರುವವರನ್ನು ನಂಬಿ ಎಳೆಯ ಕೂಸಿನ ಕಣ್ಣಿಗೆ ಹಚ್ಚುವುದು ಸುನ್ನತ್ತಿನ ಪಾಲನೆ ಹೇಗಾದೀತು?

ರೆಪ್ಪೆಗೂದಲು ಒಮ್ಮೆಲೇ ಉದುರತೊಡಗಿದರೆ ಬೆಳೆಸುವ ಮದ್ದು ಹುಡುಕುವ ಮೊದಲು ಕಾರಣ ಹುಡುಕಿ. ಥೈರಾಯ್ಡ್ ಇರಬಹುದು, ರೆಪ್ಪೆಯ ಉರಿಯೂತವಿರಬಹುದು, ಕಣ್ಣು ತಿಕ್ಕುವ ಅಭ್ಯಾಸವೂ ಇರಬಹುದು. ಮಸ್ಕರಾ ಹಚ್ಚಿದವರು ತೊಳೆಯದೆ ಮಲಗಬೇಡಿ. ಒಬ್ಬರ ಮಸ್ಕರಾ, ಒಬ್ಬರ ಕಣ್ಣಿನ ಮದ್ದು ಇನ್ನೊಬ್ಬರಿಗೆ ಬೇಡ. ಒಂದು ಕಣ್ಣಿನ ಸೋಂಕು ಬಾಟಲಿಯ ಮೂಲಕ ಇನ್ನೊಂದು ಕಣ್ಣಿಗೆ ದಾಟಲು ಹೊತ್ತು ಬೇಡ.

ಮಗಳ ಕಣ್ಣಿನ ಕೆಂಪು ಕೆಲವೇ ದಿನಗಳಲ್ಲಿ ಹೋಯಿತು. ರೆಪ್ಪೆಯ ಕಪ್ಪು ಹೋಗಲು ತಿಂಗಳುಗಳೇ ಬೇಕಾದವು. ಅತ್ತೆಯ ಕಣ್ಣಿನ ಒತ್ತಡ ಮತ್ತೆ ಇಳಿಯಿತು, ಅಲ್‌ಹಮ್ದುಲಿಲ್ಲಾಹ್. ಆ ಮೂರು ತಿಂಗಳಲ್ಲಿ ಅವರ ದೃಷ್ಟಿ ಇನ್ನಷ್ಟು ಹೋಗಿದ್ದರೆ ಯಾರು ತಂದುಕೊಡುತ್ತಿದ್ದರು? ಅತ್ತೆ ಮಾತ್ರ ಮೊಮ್ಮಗಳಿಗೆ ಒಂದು ಮಾತೂ ಬೈಯಲಿಲ್ಲ. "ನನ್ನನ್ನು ಕೇಳಿದ್ದರೆ ಕೊಡುತ್ತಿದ್ದೆನಲ್ಲಾ ಮಗಳೇ" ಎಂದರು. ಅದು ಬೈಗುಳಕ್ಕಿಂತ ಹೆಚ್ಚು ತಟ್ಟಿತು. ಈಗ ಪ್ರತಿ ರಾತ್ರಿ ಅಜ್ಜಿಯ ಕಣ್ಣಿಗೆ ಹನಿ ಹಾಕುವುದು ಮಗಳದೇ ಕೆಲಸ. ಹಾಕಿ, ಕ್ಯಾಲೆಂಡರಿನಲ್ಲಿ ಗುರುತು ಮಾಡುತ್ತಾಳೆ.

ಸಹೋದರಿಯರೇ, ತಪ್ಪು ಅವಳೊಬ್ಬಳದೇ ಎನ್ನಲಾರೆ. ಊಟದ ಹೊತ್ತಿನ ನನ್ನ ತಮಾಷೆಯೂ ಹೆಣ್ಣು ನೋಡಲು ಬಂದವರ ಆ ಒಂದು ಮಾತೂ ಅದರಲ್ಲಿ ಸೇರಿವೆ. ಹೆಣ್ಣು ನೋಡಲು ಹೋದಾಗ, ಅಲ್ಲಾಹನು ಕೊಟ್ಟ ರೂಪಕ್ಕೆ ಕೊರತೆ ಎಣಿಸುವ ಮೊದಲು ನಮ್ಮ ನಾಲಿಗೆಯನ್ನು ಸ್ವಲ್ಪ ಹಿಡಿದುಕೊಳ್ಳೋಣ. ಆ ಮಾತು ಕೇಳಿದ ಹುಡುಗಿ ರಾತ್ರಿ ಒಬ್ಬಳೇ ಕನ್ನಡಿಯ ಮುಂದೆ ಏನು ಹಚ್ಚಿಕೊಳ್ಳುತ್ತಾಳೋ, ನಮಗೆ ಗೊತ್ತಾಗುವುದಿಲ್ಲ.