ಬಣ್ಣ ಬಳಿಯಬಾರದ ಜಾಗ

ತುಮಕೂರಿನಿಂದ ಕುಣಿಗಲ್ ದಾರಿ ಹಿಡಿದ ಬಸ್ಸು ಹೆಬ್ಬೂರಿನಲ್ಲಿ ನಿಂತಾಗ, ಇಳಿಯುವವರಲ್ಲಿ ಅನೇಕರು ಅಲ್ಲಿಂದ ಮುಂದೆ ಒಳಹಳ್ಳಿಗಳಿಗೆ ಹೋಗಬೇಕಾದವರು. ಹೋಬಳಿ ಕೇಂದ್ರವಾದ್ದರಿಂದ ಕಚೇರಿ, ಬ್ಯಾಂಕು, ಆಸ್ಪತ್ರೆ ಎಂದು ಬರುವವರು ಒಂದು ಕಡೆ; ಕಾಮಾಕ್ಷಿ ಶಾರದಾಂಬೆಯ ದೇವಸ್ಥಾನಕ್ಕೆ ಬರುವವರು ಇನ್ನೊಂದು ಕಡೆ. ಆ ಊರಿನಲ್ಲಿ ಬಾಡಿಗೆಗೆ ನಿಲ್ಲುತ್ತಿದ್ದ ಒಂದು ಹಳೆಯ ಅಂಬಾಸಿಡರ್ ಕಾರಿನ, ಅದರ ಮಾಲೀಕನ ಮತ್ತು ಅವನ ಮಗನ ಸಂಗತಿ ಇದು. ಅಂಬಾಸಿಡರ್ ಇನ್ನೂ ತಯಾರಾಗುತ್ತಿದ್ದ ದಿನಗಳವು. 1957ರಲ್ಲಿ ಆರಂಭವಾದ ಅದರ ತಯಾರಿಕೆ 2014ರಲ್ಲಿ ನಿಂತುಹೋಯಿತು.

ಕಾರು ಸಾಲದ ಮೇಲೆ ಬಂದದ್ದು. ಮದುವೆ, ಗೃಹಪ್ರವೇಶ, ಧರ್ಮಸ್ಥಳದ ಹರಕೆ, ಅಪರಾತ್ರಿಯಲ್ಲಿ ತುಮಕೂರಿನ ಆಸ್ಪತ್ರೆ — ಎಲ್ಲಕ್ಕೂ ಅದೇ. ಮನೆಯ ಅಕ್ಕಿ ರಾಗಿಯೂ ಮಗನ ಕಾಲೇಜಿನ ಫೀಸೂ ಅದರ ಚಕ್ರದಿಂದಲೇ ಬರಬೇಕು. ಅಪ್ಪನಿಗೆ ಇದ್ದ ಆಸೆ ಒಂದೇ: ಮಗ ಎಂಜಿನಿಯರ್ ಆಗಬೇಕು, ಕೈಗೆ ಗ್ರೀಸ್ ಅಂಟಿಸಿಕೊಳ್ಳಬಾರದು. ಮಗನಿಗೆ ಪಿಯುಸಿಯಲ್ಲಿ ಅಂಕ ಕಡಿಮೆ ಬಂತು. ಕಡೆಗೆ ತುಮಕೂರಿನಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಸೇರಿದ. ಅಪ್ಪ ಬೈಯಲಿಲ್ಲ. ಆದರೆ ಅಂದಿನಿಂದ ಓದಿನ ಮಾತು ತೆಗೆಯುವುದನ್ನೇ ಬಿಟ್ಟರು. ಬೈಗುಳಕ್ಕಿಂತ ಆ ಮೌನವೇ ಹುಡುಗನಿಗೆ ಹೆಚ್ಚು ಕಷ್ಟವಾಗಿತ್ತು.

ಎರಡನೇ ವರ್ಷದ ರಜೆಯಲ್ಲಿ ಕಾರಿನ ಇಂಜಿನ್ ಬಿಚ್ಚುವ ಕಾಲ ಬಂತು. ಹೊಗೆ ಹೆಚ್ಚಾಗಿತ್ತು, ಆಯಿಲ್ ಕುಡಿಯುತ್ತಿತ್ತು. ಗ್ಯಾರೇಜಿನ ಮೇಸ್ತ್ರಿ ಒಂದೊಂದೇ ಭಾಗ ಬಿಚ್ಚಿ ಗೋಣಿಚೀಲದ ಮೇಲೆ ಜೋಡಿಸಿದರು. ಟ್ಯಾಪೆಟ್ ಕವರ್, ಏರ್ ಕ್ಲೀನರಿನ ಡಬ್ಬ, ಪುಲ್ಲಿ, ಹತ್ತಾರು ಬ್ರಾಕೆಟ್ಟುಗಳು. ಎಲ್ಲದರ ಮೇಲೂ ವರ್ಷಗಳ ಜಿಡ್ಡು, ಅದರಡಿಯಲ್ಲಿ ತುಕ್ಕು. ಹುಡುಗ ಕಾಲೇಜಿನ ಕಡೆಯಿಂದ ಕೈಗಾರಿಕಾ ಪ್ರದೇಶವೊಂದಕ್ಕೆ ಹೋಗಿದ್ದಾಗ ಪೌಡರ್ ಕೋಟಿಂಗ್ ಮಾಡುವುದನ್ನು ನೋಡಿ ಬಂದಿದ್ದ. ಇವಕ್ಕೆಲ್ಲ ಅದನ್ನು ಮಾಡಿಸೋಣ ಎಂದ.

"ಓಡೋ ಇಂಜಿನ್‌ಗೆ ಬಣ್ಣ ಯಾಕೋ? ಬಾನೆಟ್ ಎತ್ತಿ ನೋಡಿ ಯಾರು ಬಾಡಿಗೆ ಕೊಡ್ತಾರೆ?" ಎಂದರು ಅಪ್ಪ.

ಮೇಸ್ತ್ರಿ ಹುಡುಗನ ಪರ ನಿಂತರು. "ಹಂಗಲ್ಲ ಅಣ್ಣ. ಮೈ ಶುದ್ಧವಾಗಿದ್ರೆ ಆಯಿಲ್ ಎಲ್ಲಿ ಜಿನುಗ್ತೈತೆ ಅಂತ ಕಣ್ಣಿಗೆ ಕಾಣ್ತೈತೆ. ತುಕ್ಕೂ ಹಿಡಿಯಲ್ಲ. ಮಾಡಿಸ್ಲಿ ಬಿಡು."

ಪೌಡರ್ ಕೋಟಿಂಗ್ ಎಂದರೆ ಹೆಸರೇ ಹೇಳುವಂತೆ ಪುಡಿಯ ಬಣ್ಣ. ಇದರಲ್ಲಿ ಥಿನ್ನರ್ ಇಲ್ಲ, ಬ್ರಷ್ ಇಲ್ಲ. ಪ್ಲಾಸ್ಟಿಕ್ ಬಾಚಣಿಗೆಯಿಂದ ಒಣ ತಲೆ ಬಾಚಿ ಕಾಗದದ ಚೂರುಗಳ ಹತ್ತಿರ ಹಿಡಿದರೆ ಅವು ಹಾರಿ ಬಂದು ಅಂಟಿಕೊಳ್ಳುವುದನ್ನು ಶಾಲೆಯ ಮಕ್ಕಳೆಲ್ಲ ನೋಡಿರುತ್ತಾರೆ. ಇಲ್ಲಿಯ ತತ್ವವೂ ಅದೇ. ಸಿಂಪಡಿಸುವ ಗನ್ನಿನ ಬಾಯಲ್ಲಿ ಸಾಮಾನ್ಯವಾಗಿ 60 ಸಾವಿರದಿಂದ 1 ಲಕ್ಷ ವೋಲ್ಟಿನ ವಿದ್ಯುತ್ ಒತ್ತಡವಿರುತ್ತದೆ. ಪ್ರವಾಹ ಮಾತ್ರ ಅತ್ಯಲ್ಪ. ಹೊರಬರುವ ಪುಡಿಯ ಕಣಗಳು ವಿದ್ಯುದಾವೇಶ ಪಡೆಯುತ್ತವೆ. ಕೊಕ್ಕೆಗೆ ತೂಗುಹಾಕಿದ ಲೋಹದ ಭಾಗವನ್ನು ಅರ್ತ್ ಮಾಡಿರುತ್ತಾರೆ. ಪುಡಿ ಅದನ್ನೇ ಹುಡುಕಿಕೊಂಡು ಹೋಗಿ, ಹಿಂಬದಿಯನ್ನೂ ಸುತ್ತಿಕೊಂಡು ಕೂರುತ್ತದೆ. ಕೊಕ್ಕೆಯ ಮೇಲೆ ಹಳೆಯ ಬಣ್ಣ ಕಟ್ಟಿಕೊಂಡಿದ್ದರೆ ಅರ್ತ್ ಸಿಗುವುದಿಲ್ಲ. ಪುಡಿ ಸರಿಯಾಗಿ ಹಿಡಿಯದೆ ಉದುರುತ್ತದೆ. ಆದ್ದರಿಂದ ಬಲ್ಲವರು ಮೊದಲು ಕೊಕ್ಕೆ ಉಜ್ಜುತ್ತಾರೆ.

ಆಮೇಲೆ ಆ ಭಾಗವನ್ನು ಒಲೆಯೊಳಗೆ 180ರಿಂದ 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಹತ್ತರಿಂದ ಇಪ್ಪತ್ತು ನಿಮಿಷ ಬೇಯಿಸುತ್ತಾರೆ. ಪುಡಿ ಕರಗಿ, ಹರಿದು, ಅದರ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾಗುತ್ತವೆ. ಇದು ತುಪ್ಪ ಕರಗಿ ಹೆಪ್ಪುಗಟ್ಟಿದಂತಲ್ಲ, ಇಡ್ಲಿ ಬೆಂದಂತೆ. ಒಮ್ಮೆ ಬೆಂದದ್ದು ಮತ್ತೆ ಹಿಟ್ಟಾಗುವುದಿಲ್ಲ. ಸಾಮಾನ್ಯವಾಗಿ ಈ ಪದರದ ದಪ್ಪ 60ರಿಂದ 80 ಮೈಕ್ರಾನ್, ಅಂದರೆ ಹೆಚ್ಚುಕಡಿಮೆ ತಲೆಗೂದಲಿನಷ್ಟು.

ಈ ವಿದ್ಯೆ ಬಹಳ ಹಳೆಯದಲ್ಲ. 1950ರ ದಶಕದ ಆರಂಭದಲ್ಲಿ ಜರ್ಮನಿಯ ಎರ್ವಿನ್ ಗೆಮ್ಮರ್ ಎಂಬಾತ, ಗಾಳಿಯಿಂದ ಉಬ್ಬಿಸಿದ ಪುಡಿಯ ತೊಟ್ಟಿಯೊಳಗೆ ಕಾಯಿಸಿದ ಲೋಹವನ್ನು ಅದ್ದಿ ತೆಗೆಯುವ ವಿಧಾನ ರೂಪಿಸಿದ. ವಿದ್ಯುತ್ತಿನಿಂದ ಸಿಂಪಡಿಸುವ ಕ್ರಮ ಬಳಕೆಗೆ ಬಂದದ್ದು 1960ರ ದಶಕದಲ್ಲಿ. ಅದಕ್ಕೂ ಮೊದಲಿನ ಕಥೆ ನಮ್ಮ ಗ್ಯಾರೇಜುಗಳ ಬಾಯಲ್ಲಿ ಇಂದಿಗೂ ಇದೆ. ಕಾರಿಗೆ ಗನ್ನಿನಲ್ಲಿ ಬಣ್ಣ ಹೊಡೆಯುವುದಕ್ಕೆ ನಮ್ಮವರು 'ಡ್ಯೂಕೊ' ಎನ್ನುತ್ತಾರಲ್ಲ, ಅದು ಅಮೆರಿಕದ ಡ್ಯುಪಾಂಟ್ ಕಂಪನಿಯ ಬಣ್ಣದ ಹೆಸರು. ಬೇಗ ಒಣಗುತ್ತಿದ್ದ ಆ ಬಣ್ಣ 1920ರ ದಶಕದಲ್ಲಿ ಜನರಲ್ ಮೋಟಾರ್ಸ್ ಕಾರುಗಳ ಮೇಲೆ ಬಂದು ಹೆಸರು ಮಾಡಿತು.

ಹುಡುಗ ಭಾಗಗಳನ್ನು ಚೀಲದಲ್ಲಿ ಕಟ್ಟಿಕೊಂಡು ತುಮಕೂರಿನ ಒಂದು ಸಣ್ಣ ಘಟಕಕ್ಕೆ ಹೋದ. ಅಲ್ಲಿ ಬಣ್ಣದ ಕೆಲಸಕ್ಕಿಂತ ಬಣ್ಣಕ್ಕೆ ಮುಂಚಿನ ಕೆಲಸವೇ ಹೆಚ್ಚು ಎಂಬುದು ಅವನಿಗೆ ತಿಳಿಯಿತು. ಮೊದಲು ಜಿಡ್ಡು ತೆಗೆಯುವ ತೊಟ್ಟಿ, ತೊಳೆಯುವ ನೀರು, ತುಕ್ಕು ಬಿಡಿಸುವ ಆಮ್ಲ, ಮತ್ತೆ ನೀರು, ಆಮೇಲೆ ಫಾಸ್ಫೇಟಿನ ದ್ರಾವಣ. ಫಾಸ್ಫೇಟು ಉಕ್ಕಿನ ಮೇಲೆ ಸೂಕ್ಷ್ಮ ಹರಳುಗಳ ತೆಳುಪದರ ಕಟ್ಟಿ ಬಣ್ಣಕ್ಕೆ ಹಿಡಿತ ಕೊಡುತ್ತದೆ. ಮೊಂಡು ತುಕ್ಕಿದ್ದರೆ ಗಾಳಿಯ ಒತ್ತಡದಿಂದ ಮರಳಿನಂಥ ಕಣಗಳನ್ನು ಸಿಡಿಸಿ ಉಜ್ಜುತ್ತಾರೆ.

ಇದರಲ್ಲಿ ನಮ್ಮ ಜನಕ್ಕೆ ಹೊಸದೇನೂ ಇಲ್ಲ. ಹಿತ್ತಾಳೆ ಪಾತ್ರೆಯ ಕಿಲುಬನ್ನು ಹುಣಸೆಹಣ್ಣು ಹಚ್ಚಿ ಬಿಡಿಸುವ ಅಜ್ಜಿ ಮಾಡುವುದೂ ಆಮ್ಲದ ಕೆಲಸವೇ. ಕಲಾಯಿಯವನು ಪಾತ್ರೆ ಉಜ್ಜಿ, ಕಾಯಿಸಿ, ನವಸಾಗರ ಎರಚಿದ ಮೇಲಲ್ಲವೆ ತವರ ಹಚ್ಚುವುದು? ಸಂಕ್ರಾಂತಿಗೆ ಎತ್ತಿನ ಕೊಂಬನ್ನು ಹೆರೆದು ನಯಮಾಡದೆ ಯಾವ ರೈತನೂ ಬಣ್ಣ ಬಳಿಯುವುದಿಲ್ಲ.

ಎಲ್ಲಿ ಬಳಿಯಬಾರದು ಎಂಬುದನ್ನೂ ಘಟಕದವರು ಹೇಳಿದರು. ಬೋಲ್ಟಿನ ಮರೆಗಳು, ಗ್ಯಾಸ್ಕೆಟ್ ಕೂರುವ ಅಂಚು, ಬೇರಿಂಗ್ ಕೂರುವ ಜಾಗ, ಬೆಲ್ಟ್ ಓಡುವ ಪುಲ್ಲಿಯ ಗಾಡಿ, ಆಯಿಲ್ ತಾಗುವ ಒಳಮೈ — ಇವಕ್ಕೆಲ್ಲ ಶಾಖ ತಡೆಯುವ ಟೇಪು, ಸಿಲಿಕೋನ್ ಬಿರಡೆ ಹಾಕಿ ಮುಚ್ಚಬೇಕು. ಕೂದಲಿನ ದಪ್ಪವೆಂದು ಸಸಾರ ಮಾಡಿದರೆ ಬೇರಿಂಗ್ ಅದರ ಜಾಗದಲ್ಲಿ ಕೂರುವುದೇ ಇಲ್ಲ. ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಶಾಖ ನೂರಾರು ಡಿಗ್ರಿ. ಸಾಮಾನ್ಯ ಪುಡಿಯ ಬಣ್ಣ ಅಲ್ಲಿ ಸುಟ್ಟುಹೋಗುತ್ತದೆ. ಅದಕ್ಕೆ ಹೆಚ್ಚು ಶಾಖ ತಡೆಯುವ ಬಣ್ಣವೇ ಬೇರೆ. ಅಲ್ಯೂಮಿನಿಯಂ ಎರಕದ ಭಾಗಗಳ ಸಣ್ಣ ರಂಧ್ರಗಳಲ್ಲಿ ಗಾಳಿ, ಆಯಿಲ್ ಸೇರಿಕೊಂಡಿದ್ದು ಒಲೆಯಲ್ಲಿ ಉಬ್ಬಿ ಬಣ್ಣದಲ್ಲಿ ಗುಳ್ಳೆ ಏಳಿಸುತ್ತವೆ. ಆದ್ದರಿಂದ ಬಣ್ಣಕ್ಕೆ ಮುಂಚೆ ಒಮ್ಮೆ ಬರಿದೇ ಕಾಯಿಸುತ್ತಾರೆ. ಮನೆಯ ಅಡುಗೆ ಓವನ್ನಿನಲ್ಲಿ ಇದನ್ನು ಮಾಡಹೊರಡುವ ಉತ್ಸಾಹಿಗಳೂ ಉಂಟು. ಹಾಗೆ ಮಾಡಿದ ಓವನ್ನಿನಲ್ಲಿ ಮತ್ತೆ ಅಡುಗೆ ಮಾಡಬಾರದು.

ಮೂರನೆಯ ದಿನ ಭಾಗಗಳು ಬಂದವು. ಕರೀ ಬಣ್ಣದ ಹೊಳಪು ನೋಡಿ ಅಮ್ಮ, "ಹೊಸದು ತಂದ್ಯೇನೋ?" ಎಂದು ಕೇಳಿದರು. ಅಪ್ಪ ಒಂದನ್ನು ಕೈಗೆತ್ತಿಕೊಂಡು, ತಿರುಗಿಸಿ ನೋಡಿ, ಏನೂ ಹೇಳದೆ ಇಟ್ಟರು.

ಟ್ಯಾಪೆಟ್ ಕವರನ್ನು ಕೂರಿಸಲು ಹುಡುಗ ಕೈ ಹಾಕಿದಾಗ ಮೇಸ್ತ್ರಿ ತಡೆದರು. ಬಿಳಿ ಪಂಚೆಯ ಚೂರೊಂದನ್ನು ನೆಲಕ್ಕೆ ಹಾಸಿ, "ಇದರ ಮೇಲೆ ಕವುಚಿ ಹಿಡ್ಕೊಂಡು ಮರದ ಸುತ್ತಿಗೇಲಿ ಮೆಲ್ಲಗೆ ತಟ್ಟು ಮರಿ" ಎಂದರು. ಹುಡುಗ ತಟ್ಟಿದ. ಕವರಿನ ಒಳಗೆ, ಹೊಗೆ ಹೊರಹೋಗುವ ಕೊಳವೆಯ ಬಾಯಿಗೆ ತಗಡಿನ ತಡೆಯೊಂದು ಇತ್ತು. ಅದರ ಸಂದಿಯಿಂದ ಒಂದು ಚಿಟಿಕೆ ಮರಳು ಬಟ್ಟೆಯ ಮೇಲೆ ಉದುರಿತು. ಮತ್ತೆ ತಟ್ಟಿದ, ಮತ್ತಷ್ಟು ಬಿತ್ತು. ಹುಡುಗನ ಮುಖ ಬಿಳಿಚಿಕೊಂಡಿತು.

ಅದು ಆಯಿಲಿಗೆ ಸೇರಿದ್ದರೆ ಏನಾಗುತ್ತಿತ್ತೆಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಕ್ರ್ಯಾಂಕಿನ ಬೇರಿಂಗುಗಳು ನಿಂತಿರುವುದೇ ಕೂದಲಿಗಿಂತ ತೆಳುವಾದ ಆಯಿಲಿನ ಪದರದ ಮೇಲೆ. ಕಲ್ಲಿನಷ್ಟು ಗಟ್ಟಿಯಾದ ಕಣಗಳು ಅಲ್ಲಿಗೆ ಹೋದರೆ ಹೊಸ ಬೇರಿಂಗು ಕೆಲವೇ ದಿನಗಳಲ್ಲಿ ಗೀರಿ ಹಾಳಾಗುತ್ತದೆ. ಸಾಲದ ಮೇಲೆ ಸಾಲ ಮಾಡಿ ಕಟ್ಟಿಸಿದ ಇಂಜಿನ್ ಅದು. ಅಂದು ಸಂಜೆಯವರೆಗೂ ಅವನು ಒಂದೊಂದು ಭಾಗವನ್ನೂ ಸೀಮೆಎಣ್ಣೆಯಲ್ಲಿ ತೊಳೆದು, ಗಾಳಿ ಹೊಡೆದು, ಬಟ್ಟೆಯ ಮೇಲೆ ತಟ್ಟಿ ನೋಡಿದ. ಬಟ್ಟೆ ಬಿಳಿಯಾಗಿಯೇ ಉಳಿಯುವತನಕ ಬಿಡಲಿಲ್ಲ.

ಇಂಜಿನ್ ಜೋಡಿಸಿ ಮುಗಿಯುವಾಗ ರಾತ್ರಿ ಎಂಟು ದಾಟಿತ್ತು. ಮೇಸ್ತ್ರಿ ಮನೆಗೆ ಹೋದರು. ಬೆಳಗಿನ ಐದಕ್ಕೆ ಪಕ್ಕದ ಹಳ್ಳಿಯ ಮುದುಕರೊಬ್ಬರನ್ನು ಆಸ್ಪತ್ರೆಗೆ ಕರೆದೊಯ್ಯಲು ಅಪ್ಪ ಒಪ್ಪಿಕೊಂಡಿದ್ದರು. ಊಟ ಮುಗಿಸಿ ಬಂದು ಕೀಲಿ ತಿರುಗಿಸಿದರು. 'ಟಕ್' ಎಂದಿತು. ಮತ್ತೆ ತಿರುಗಿಸಿದರು. ಮತ್ತೆ 'ಟಕ್'. ಬ್ಯಾಟರಿ ಚೆನ್ನಾಗಿತ್ತು, ಹೆಡ್‌ಲೈಟು ಪ್ರಖರವಾಗಿ ಉರಿಯುತ್ತಿತ್ತು. ಸ್ಟಾರ್ಟರ್ ಮಾತ್ರ ತಿರುಗಲೊಲ್ಲದು.

"ಬಣ್ಣ ಬೇಡ ಅಂದೆ, ಕೇಳಿದ್ಯಾ?" ಎಂದರು ಅಪ್ಪ. ಅವರ ಧ್ವನಿಯಲ್ಲಿ ಸಿಟ್ಟಿಗಿಂತ ದಿಗಿಲೇ ಹೆಚ್ಚಾಗಿತ್ತು.

ಹುಡುಗ ಬಾನೆಟ್ ಎತ್ತಿ ಸುಮ್ಮನೆ ನಿಂತ. ಲೈಟು ಉರಿಯುತ್ತಿದೆ, ಅಂದರೆ ಬ್ಯಾಟರಿಯಿಂದ ಬಾಡಿಗೆ ದಾರಿ ಇದೆ. ಸ್ಟಾರ್ಟರ್ ಕೂತಿರುವುದು ಇಂಜಿನ್ನಿನ ಮೇಲೆ. ಇಂಜಿನ್ನಿನಿಂದ ಬಾಡಿಗೆ ದಾರಿ ಯಾವುದು? ತಾಮ್ರದ ಹೆಣಿಗೆಯ ಅರ್ತ್ ಪಟ್ಟಿ. ಅದನ್ನು ಬಿಗಿದಿದ್ದು ಒಂದು ಬ್ರಾಕೆಟ್ಟಿಗೆ. ಆ ಬ್ರಾಕೆಟ್ಟಿಗೆ ಎರಡೂ ಕಡೆ ಮಿರಮಿರನೆ ಹೊಳೆಯುವ ಬಣ್ಣ. ವಿದ್ಯುತ್ತನ್ನು ಒಳಬಿಡದ ಪ್ಲಾಸ್ಟಿಕ್ಕಿನಂಥ ಪದರ. ಕೊಕ್ಕೆ ಉಜ್ಜದಿದ್ದರೆ ಪುಡಿ ಹಿಡಿಯುವುದಿಲ್ಲ ಎಂದು ಕಣ್ಣಾರೆ ಕಂಡು ಬಂದವನು, ಅದೇ ಅರ್ತನ್ನು ಇಂಜಿನ್ನಿನಲ್ಲಿ ಮರೆತಿದ್ದ.

"ಅಪ್ಪಾ, ಟಾರ್ಚು ಹಿಡಿ" ಎಂದ.

ಅಪ್ಪ ಟಾರ್ಚು ಹಿಡಿದರು. ಮಗ ಬ್ಯಾಟರಿಯ ತಂತಿ ಕಳಚಿಟ್ಟು, ಬೋಲ್ಟ್ ಬಿಚ್ಚಿ, ರೂಪಾಯಿ ನಾಣ್ಯದಷ್ಟು ಜಾಗವನ್ನು ಉಪ್ಪುಕಾಗದದಿಂದ ತಿಕ್ಕಿದ. ಬಣ್ಣ ಸುಲಭವಾಗಿ ಬಿಡಲಿಲ್ಲ. ಅಷ್ಟು ಗಟ್ಟಿಯಾಗಿ ಕೂತಿತ್ತು. ಒಳಗಿನ ಲೋಹ ಬೆಳ್ಳಗೆ ಕಂಡ ಮೇಲೆ ಪಟ್ಟಿ ಬಿಗಿದು, ತುಕ್ಕು ಹಿಡಿಯದಂತೆ ಮೇಲೆ ಗ್ರೀಸ್ ಸವರಿ, ಬ್ಯಾಟರಿ ಸೇರಿಸಿದ. ಕೀಲಿ ತಿರುಗಿಸಿದ್ದೇ ಇಂಜಿನ್ ಹಿಡಿದುಕೊಂಡಿತು. ಇಬ್ಬರೂ ಸ್ವಲ್ಪ ಹೊತ್ತು ಅದರ ಸದ್ದು ಕೇಳುತ್ತ ನಿಂತರು.

"ಎಲ್ಲಿ ಬಣ್ಣ ಬಳೀಬಾರದು ಅನ್ನೋದನ್ನೂ ಕಾಲೇಜಲ್ಲಿ ಹೇಳಿಕೊಡ್ತಾರೇನೋ?" ಎಂದು ಅಪ್ಪ ಕೇಳಿದರು. ಎರಡು ವರ್ಷಗಳಲ್ಲಿ ಅವರು ಕಾಲೇಜಿನ ಬಗ್ಗೆ ಕೇಳಿದ ಮೊದಲ ಪ್ರಶ್ನೆ ಅದು.

"ಹೇಳಿಕೊಟ್ಟಿದ್ರು ಅಪ್ಪಾ. ನಾನೇ ಮರೆತಿದ್ದೆ."

ಬೆಳಗಿನ ಐದಕ್ಕೆ ಕಾರು ಹೊರಟಿತು. ಮುದುಕರನ್ನು ಹಿಂದಿನ ಸೀಟಿನಲ್ಲಿ ಒರಗಿಸಿ, ಮಗನನ್ನು ಅಪ್ಪ ಮುಂದಿನ ಸೀಟಿಗೆ ಕರೆದು ಕೂರಿಸಿಕೊಂಡರು. ಹೆಬ್ಬೂರಿನಿಂದ ತುಮಕೂರಿನವರೆಗೆ ಅವನು ಟ್ಯಾಪೆಟ್ ಕವರಿನ ಮರಳಿನ ಸಂಗತಿಯನ್ನೂ ಮುಚ್ಚಿಡದೆ ಹೇಳಿದ. ಅಪ್ಪ ನಡುನಡುವೆ ಪ್ರಶ್ನೆ ಕೇಳುತ್ತಿದ್ದರು.

ಆ ಕಾರು ಈಗಿಲ್ಲ. ಹುಡುಗ ಇಂದು ಬೆಂಗಳೂರಿನ ಪೀಣ್ಯದಲ್ಲಿ ಕಾರ್ಖಾನೆಯೊಂದರ ಪೌಡರ್ ಕೋಟಿಂಗ್ ವಿಭಾಗದ ಮೇಲ್ವಿಚಾರಕ. ಡಿಪ್ಲೊಮಾ ಮುಗಿಸಿ ಹೊಸದಾಗಿ ಕೆಲಸಕ್ಕೆ ಬರುವ ಹುಡುಗರಿಗೆ ಮೊದಲ ದಿನ ಅವನು ಗನ್ನು ಕೊಡುವುದಿಲ್ಲ. ಒಂದು ಬಿಳಿ ಬಟ್ಟೆಯನ್ನೂ ಮರದ ಸುತ್ತಿಗೆಯನ್ನೂ ಕೊಡುತ್ತಾನೆ.