ಐವತ್ತು ಇಂಚಿನ ಲೆಕ್ಕ

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರಿಗೆ ನಮ್ಮ ಪ್ರೌಢಶಾಲೆಯ ಪ್ರಯೋಗಶಾಲೆಯಲ್ಲಿದ್ದ ಸ್ಕ್ರೂಗೇಜುಗಳ ನೆನಪಿರಬಹುದು. ಇದ್ದುದೇ ನಾಲ್ಕು, ಅವುಗಳಲ್ಲೊಂದಕ್ಕೆ ಶೂನ್ಯದೋಷ. "ತಿರುಪನ್ನು ಒಂದು ಪೂರ್ತಿ ಸುತ್ತು ತಿರುಗಿಸಿದಾಗ ಅದು ಎಷ್ಟು ಮುಂದಕ್ಕೆ ಸರಿಯುತ್ತದೆಯೋ ಅದೇ ಅದರ ಪಿಚ್" ಎಂಬ ವಾಕ್ಯವನ್ನು ನಾನು ಮೂವತ್ತಕ್ಕೂ ಹೆಚ್ಚು ವರ್ಷ, ಪ್ರತಿ ಜುಲೈ ತಿಂಗಳಲ್ಲಿಯೂ ಹೇಳಿದ್ದೇನೆ. ಆ ವಾಕ್ಯವನ್ನೇ ಅತಿಯಾಗಿ ನಂಬಿ ನಾನು ಮಾಡಿದ ಒಂದು ತಪ್ಪನ್ನು ಇಂದು ಬರೆಯಬೇಕೆನಿಸಿದೆ. ಇಷ್ಟು ದಿನ ಬರೆಯದಿರಲು ಕಾರಣ ನನ್ನ ಅಣ್ಣ. ಅವನು ತೀರಿಕೊಂಡು ಎರಡು ವರ್ಷಗಳಾದವು. ಇನ್ನು ಬರೆಯಬಹುದು.

ಅಣ್ಣನ ಮಗ ನನ್ನ ಶಾಲೆಯಲ್ಲಿಯೇ ಓದಿದವನು. ಈಗ ಅಮೆರಿಕದ ಓಹಾಯೋ ರಾಜ್ಯದಲ್ಲಿ, ಡೇಟನ್ ನಗರದಿಂದ ಒಂದು ಗಂಟೆಯ ದಾರಿಯ ಊರಿನಲ್ಲಿದ್ದಾನೆ. ಅಲ್ಲಿ ಮನೆಯ ಗ್ಯಾರೇಜಿನಲ್ಲಿಯೇ ವಿಮಾನ ಕಟ್ಟುವವರಿದ್ದಾರೆ. ಕಾನೂನು ಅದಕ್ಕೆ ಅಡ್ಡಿಪಡಿಸುವುದಿಲ್ಲ. ಕೆಲಸದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲನ್ನು ಕಲಿಕೆಗಾಗಿಯೋ ಹವ್ಯಾಸಕ್ಕಾಗಿಯೋ ಸ್ವತಃ ಮಾಡಿರಬೇಕು, ಅಷ್ಟೆ. ನಮ್ಮ ಹುಡುಗ ಆರು ವರ್ಷ ರಜಾದಿನಗಳನ್ನೆಲ್ಲ ಸುರಿದು, ಅಲ್ಯೂಮಿನಿಯಂ ತಗಡಿಗೆ ಸಾವಿರಾರು ರಿವೆಟ್ ಹೊಡೆದು, ಎರಡು ಆಸನಗಳ ಪುಟ್ಟ ವಿಮಾನವೊಂದನ್ನು ಕಟ್ಟಿದ. ಅದಕ್ಕೆ ಕೂರಿಸಿದ್ದು ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಎಂಜಿನ್ನಿನಿಂದ ಮಾರ್ಪಡಿಸಿದ ಎಂಜಿನ್ನು. ನಿಮಿಷಕ್ಕೆ 3400 ಸುತ್ತು ತಿರುಗಿದರೆ 80 ಅಶ್ವಶಕ್ತಿ.

2013ರ ಜನವರಿಯ ಒಂದು ರಾತ್ರಿ ಅವನ ಫೋನು ಬಂತು. "ಚಿಕ್ಕಪ್ಪ, ಪ್ರೊಪೆಲರ್ ತರಿಸಬೇಕು. ಮರದ್ದು. ಉದ್ದ 54 ಇಂಚು ಅಂತ ಗೊತ್ತಾಗಿದೆ. ಪಿಚ್ ಎಷ್ಟಿರಬೇಕು ಅಂತ ನೀವೇ ಲೆಕ್ಕ ಮಾಡಿ ಹೇಳಿ."

ಅವನಿಗೆ ಲೆಕ್ಕ ಬಾರದೆ ಕೇಳಿದ್ದಲ್ಲ ಎಂಬುದು ನನಗೂ ಗೊತ್ತಿತ್ತು. ನಿವೃತ್ತನಾದ ಮೇಷ್ಟರಿಗೆ ಒಂದು ಲೆಕ್ಕ ಕೊಟ್ಟರೆ ಸಂತೋಷಪಡುತ್ತಾರೆಂದು ಕೇಳಿದ. ನಾನು ಸಂತೋಷವನ್ನೂ ಪಟ್ಟೆ, ಗಂಭೀರವಾಗಿಯೂ ತೆಗೆದುಕೊಂಡೆ.

ಪ್ರೊಪೆಲರ್ ಎಂದರೆ ಗಾಳಿಯೊಳಗೆ ಕೊರೆದುಕೊಂಡು ಹೋಗುವ ತಿರುಪು. 50 ಇಂಚು ಪಿಚ್ ಎಂದರೆ ಒಂದು ಸುತ್ತಿಗೆ 50 ಇಂಚು ಮುಂದೆ. ಒಂದು ಮೈಲಿಗೆ 63360 ಇಂಚು, ಗಂಟೆಗೆ 60 ನಿಮಿಷ, ಭಾಗಿಸಿದರೆ 1056. ಆದ್ದರಿಂದ ಪಿಚ್ಚನ್ನು ನಿಮಿಷದ ಸುತ್ತುಗಳಿಂದ ಗುಣಿಸಿ 1056ರಿಂದ ಭಾಗಿಸಿದರೆ ಗಂಟೆಗೆ ಎಷ್ಟು ಮೈಲಿ ವೇಗವೆಂದು ಬರುತ್ತದೆ. ಹುಡುಗನಿಗೆ 150 ಮೈಲಿ ವೇಗದ ಆಸೆ. ಎಂಜಿನ್ನು ಸುಖವಾಗಿ ತಿರುಗುವುದು 3200ರಲ್ಲಿ. ಉತ್ತರ 49.5. ನಾನು ಬಿಳಿಹಾಳೆಯಲ್ಲಿ ಅಂದವಾಗಿ ಬರೆದು, ಕೊನೆಗೆ 50 ಎಂದು ಎರಡು ಗೆರೆ ಎಳೆದು, ಮಗಳ ಕೈಯಲ್ಲಿ ಸ್ಕ್ಯಾನ್ ಮಾಡಿಸಿ ಕಳಿಸಿದೆ.

"ಇಲ್ಲಿ ಇದೇ ವಿಮಾನ ಕಟ್ಟಿದವರು 44 ಸಾಕು ಅಂತಾರೆ ಚಿಕ್ಕಪ್ಪ" ಎಂದು ಅವನು ಅನುಮಾನಿಸಿದ್ದು ಹೌದು. "ಅವರು ಲೆಕ್ಕ ಮಾಡಿದ್ದಾರೋ ಇಲ್ಲಾ ಅಂದಾಜಿಗೆ ಹೇಳ್ತಾರೋ?" ಎಂದೆ ನಾನು. ಹುಡುಗ ಮತ್ತೆ ಮಾತನಾಡಲಿಲ್ಲ. ತರಗತಿಯಲ್ಲಿಯೂ ಹಾಗೆಯೇ ಇದ್ದ.

ಆ ವರ್ಷ ಜೂನ್ ತಿಂಗಳಲ್ಲಿ ನಾನೂ ನನ್ನವಳೂ ಅವನ ಮನೆಗೆ ಹೋದೆವು. ವಿಮಾನ ವಸಂತದಲ್ಲಿಯೇ ಹಾರಿತ್ತು. ಆದರೆ ಹೊಸ ವಿಮಾನವನ್ನು ಅದರ ಮಾಲೀಕ 40 ಗಂಟೆ ಪರೀಕ್ಷಾರ್ಥವಾಗಿ ಹಾರಿಸಿ ಮುಗಿಸುವವರೆಗೆ ಸುಮ್ಮನೆ ನೋಡಬಂದ ಚಿಕ್ಕಪ್ಪಂದಿರನ್ನು ಕೂರಿಸಿಕೊಳ್ಳುವಂತಿರಲಿಲ್ಲ. ಹಾರುದಾಣವೆಂದರೆ ಸುಮಾರು 2000 ಅಡಿ ಉದ್ದದ ಹುಲ್ಲಿನ ಪಟ್ಟಿ, ಅದರಾಚೆ ಮೆಕ್ಕೆಜೋಳದ ಹೊಲ, ಹೊಲದ ಅಂಚಿನಲ್ಲಿ ಮರಗಳ ಸಾಲು. ಸಂಜೆ ಅಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದೆ. ಪ್ರತಿ ಸಲವೂ ವಿಮಾನ ಹುಲ್ಲಿನ ಮೇಲೆ ಬಹಳ ದೂರ ಓಡಿಯೇ ಏಳುತ್ತಿತ್ತು. ವಿಮಾನಗಳೆಂದರೆ ಹಾಗೆಯೇ ಇರಬೇಕೆಂದುಕೊಂಡೆ.

ಆಗಸ್ಟ್ ತಿಂಗಳಿನಲ್ಲಿ, ಪೂರ್ಣಭಾರದ ಪರೀಕ್ಷೆಗಾಗಿ ಅವನು ಬಲಗಡೆಯ ಆಸನಕ್ಕೆ ಮರಳಿನ ಚೀಲಗಳನ್ನು ಕಟ್ಟಿದ. ಮನೆಯ ತಕ್ಕಡಿಯಲ್ಲಿ ನನ್ನನ್ನು ನಿಲ್ಲಿಸಿ ತೂಗಿ, ಸರಿಯಾಗಿ ಅಷ್ಟೇ ಮರಳು: 68 ಕಿಲೋ. ಸಂಜೆ ಐದೂವರೆ; ಶಾಖ 33 ಡಿಗ್ರಿ; ಗಾಳಿಯ ಸುಳಿವಿಲ್ಲ. ಬಿಸಿಗಾಳಿ ತೆಳು. ಆ ಜಾಗ ಇರುವುದು ಸಮುದ್ರಮಟ್ಟದಿಂದ ಸುಮಾರು ಸಾವಿರ ಅಡಿ ಮೇಲೆ. ಆದರೆ ಅಂಥ ದಿನ ಅಲ್ಲಿನ ಗಾಳಿ ಮೂರು ಸಾವಿರ ಅಡಿಗೂ ಮೇಲಿನ ಗಾಳಿಯಂತೆ ವರ್ತಿಸುತ್ತದೆ. ಎಂಜಿನ್ನಿಗೂ ಉಸಿರು ಕಡಿಮೆ, ರೆಕ್ಕೆಗೂ ಆಧಾರ ಕಡಿಮೆ.

ವಿಮಾನ ಓಡಿತು. ಅರ್ಧ ಪಟ್ಟಿ ದಾಟಿತು. ಇನ್ನೂ ಓಡುತ್ತಿತ್ತು. ಕೊನೆಯಲ್ಲಿ ಎದ್ದಿತು, ಆದರೆ ಏರಲಿಲ್ಲ. ಜೋಳದ ತೆನೆಗಳ ಮೇಲೆ ಮಟ್ಟಸವಾಗಿ ಹೋಯಿತು. ಮರಗಳ ಹತ್ತಿರ ಅದು ಎಡಕ್ಕೆ ಸ್ವಲ್ಪ ವಾಲಿ, ಎರಡು ಮರಗಳ ನಡುವಿನ ತಗ್ಗಿನಲ್ಲಿ ನುಸುಳಿ ಮರೆಯಾಯಿತು. ಸದ್ದು ಮಾತ್ರ ಕೇಳುತ್ತಿತ್ತು. ಆ ಸದ್ದು ನಿಲ್ಲದಿರಲಿ ಎಂದು ನಾನು ಕೈ ಮುಗಿದು ನಿಂತಿದ್ದೆ. ಅಣ್ಣನಿಗಿರುವುದು ಅವನೊಬ್ಬನೇ ಮಗ.

ಹತ್ತು ನಿಮಿಷದ ಮೇಲೆ ಅವನು ಇಳಿದು ಬಂದು, ಮರಳಿನ ಚೀಲಗಳನ್ನು ಒಂದೊಂದಾಗಿ ಬಿಚ್ಚಿ ಕೆಳಗಿಟ್ಟ. ಅಂಗಿ ಬೆನ್ನಿಗೆ ಅಂಟಿತ್ತು. "ಚಿಕ್ಕಮ್ಮನಿಗೆ ಹೇಳಬೇಡಿ" ಎಂದಷ್ಟೇ ಹೇಳಿದ.

ಆ ರಾತ್ರಿ ನಿದ್ದೆ ಬರಲಿಲ್ಲ. ಮೇಜಿನ ಮೇಲೆ ಕಾಗದ ಹರಡಿಕೊಂಡು ಕುಳಿತೆ. ಭಾಗಾಕಾರದಲ್ಲಿ ತಪ್ಪಿರಲಿಲ್ಲ. ತಪ್ಪಿದ್ದು ಪ್ರಶ್ನೆಯಲ್ಲಿ. 150 ಮೈಲಿ ವೇಗವನ್ನು ಮೊದಲೇ ಒಪ್ಪಿಕೊಂಡು ಪಿಚ್ಚನ್ನು ಹುಡುಕಿದ್ದೆ. ಆ ವೇಗಕ್ಕೆ ಬೇಕಾದ ಬಲ ಎಂಜಿನ್ನಿನಲ್ಲಿದೆಯೇ ಎಂದು ಕೇಳಿರಲಿಲ್ಲ. ಪ್ರೊಪೆಲರ್ ಮರದ ಹಲಗೆಯೊಳಗಿನ ತಿರುಪಲ್ಲ. ಹಲಗೆ ಜಗ್ಗುವುದಿಲ್ಲ, ಗಾಳಿ ಜಗ್ಗುತ್ತದೆ. ಅದರ ಅಲಗುಗಳು ತಿರುಗುವ ಎರಡು ರೆಕ್ಕೆಗಳು. ವಿಮಾನ ನಿಂತಿರುವಾಗ ಗಾಳಿ ಆ ರೆಕ್ಕೆಗೆ ಪೂರ್ತಿ ಕೋನದಲ್ಲಿ ಬಡಿಯುತ್ತದೆ. ಪಿಚ್ ಹೆಚ್ಚಿದ್ದಷ್ಟೂ ಕೋನ ಹೆಚ್ಚು, ಎಳೆತಕ್ಕಿಂತ ತಡೆಯೇ ಹೆಚ್ಚು. ವೇಗ ಬಂದ ಹಾಗೆ ಆ ಕೋನ ಕಿರಿದಾಗಿ ಅಲಗು ಹದಕ್ಕೆ ಬರುತ್ತದೆ. ಆದರೆ ಹದಕ್ಕೆ ಬರುವಷ್ಟರಲ್ಲಿ ಹುಲ್ಲಿನ ಪಟ್ಟಿ ಮುಗಿದಿರುತ್ತದೆ.

ಮರುದಿನ ಚಕ್ರಗಳಿಗೆ ಅಡ್ಡಗಟ್ಟೆ ಕೊಟ್ಟು, ವಿಮಾನವನ್ನು ನಿಲ್ಲಿಸಿಯೇ ಎಂಜಿನ್ನಿಗೆ ಪೂರ್ತಿ ಥ್ರಾಟಲ್ ಕೊಟ್ಟೆವು. ಮಾಪಕ 2650 ತೋರಿಸಿತು. ಮಾಪಕವನ್ನೂ ನಂಬಬಾರದೆಂದು ಅವನು ಬೆಳಕಿನಿಂದ ಸುತ್ತು ಎಣಿಸುವ ಪುಟ್ಟ ಉಪಕರಣವೊಂದನ್ನು ಎರವಲು ತಂದಿದ್ದ. ಅದು ಸರಿಯಿದೆಯೇ ಎಂದು ನೋಡಲು ಟ್ಯೂಬ್‌ಲೈಟಿನ ಕಡೆ ಹಿಡಿದ. ಅಲ್ಲಿಯ ವಿದ್ಯುತ್ತಿನಲ್ಲಿ ಹಳೆಯ ಬಗೆಯ ಟ್ಯೂಬ್‌ಲೈಟು ಸೆಕೆಂಡಿಗೆ 120 ಬಾರಿ ಮಿನುಗುತ್ತದೆ. ಎರಡು ಅಲಗಿನ ಲೆಕ್ಕದಲ್ಲಿ 3600 ಬರಬೇಕು, ಬಂತು. (ಈ ಉಪಾಯ ನನಗೆ ಬಹಳ ಹಿಡಿಸಿತು. ನಮ್ಮ ಶೂನ್ಯದೋಷದ ಸ್ಕ್ರೂಗೇಜು ನೆನಪಾಯಿತು.) ಆ ಉಪಕರಣದ ಪ್ರಕಾರ ನಿಜವಾದ ಸುತ್ತು 2550. ಅಂದರೆ 3400ರ ನಾಲ್ಕರಲ್ಲಿ ಮೂರು ಪಾಲು. ಎಂಜಿನ್ನಿನ ಬಲ ಅದರ ಸುತ್ತಿನಲ್ಲಿರುತ್ತದೆ. ಸುತ್ತು ಬಾರದಿದ್ದರೆ ಕುದುರೆಗಳು ಲಾಯದಲ್ಲೇ ಉಳಿಯುತ್ತವೆ. 80ರಲ್ಲಿ ಸುಮಾರು 60 ಮಾತ್ರ ಹೊರಬಂದಿದ್ದವು; ಬಿಸಿಲಿನ ದೆಸೆಯಿಂದ ಅದರಲ್ಲಿಯೂ ಹತ್ತನೆಯ ಒಂದು ಪಾಲು ಖೋತಾ.

ನಮ್ಮ ಶಾಲೆಯ ಡ್ರಿಲ್ ಮಾಸ್ತರರ ಸೈಕಲ್ಲನ್ನು ಬಲ್ಲವರು ಬಲ್ಲರು. ಬಯಲಿನಲ್ಲಿ ವೇಗ ಬರಲೆಂದು ಅವರು ಹಿಂದಿನ ಫ್ರೀವೀಲನ್ನು ಚಿಕ್ಕದಕ್ಕೆ ಬದಲಾಯಿಸಿದ್ದರು. ಶಾಲೆಯ ಏರಿನಲ್ಲಿ, ಕ್ಯಾರಿಯರಿನ ಮೇಲೆ ಯಾರಾದರೂ ಕುಳಿತಿದ್ದರಂತೂ, ಇಳಿದು ತಳ್ಳುವುದೇ ಗತಿ. ಗೇರಿಲ್ಲದ ಸೈಕಲ್ಲಿಗೂ ಪಿಚ್ ಬದಲಾಗದ ಪ್ರೊಪೆಲರಿಗೂ ಭೇದವಿಲ್ಲ. ಅದನ್ನು ಕಂಡು ನಕ್ಕವನು ನಾನೇ.

ಮರದ ಪ್ರೊಪೆಲರಿನ ಪಿಚ್ಚನ್ನು ಲೋಹದ್ದರಂತೆ ತಿರುಚಿ ಬದಲಾಯಿಸಲಾಗದು; ಹೊಸದನ್ನೇ ಕೊಳ್ಳಬೇಕು. 44 ಇಂಚಿನದಕ್ಕೆ ಬರೆದು ಹಾಕಿದೆವು. ಅದೇ ತಯಾರಕರದು, ಏಕೆಂದರೆ ಒಬ್ಬೊಬ್ಬ ತಯಾರಕರು ಪಿಚ್ಚನ್ನು ಅಳೆಯುವ ಕ್ರಮ ಒಂದೊಂದು. ಒಬ್ಬರ 44 ಇನ್ನೊಬ್ಬರ 46 ಆಗಿದ್ದೀತು. ಅದು ಬರುವವರೆಗೆ ವಿಮಾನ ಷೆಡ್ಡಿನಲ್ಲಿತ್ತು. ಆ ಬಿಡುವಿನಲ್ಲಿ ಹುಡುಗ ನನ್ನನ್ನು ಡೇಟನ್ನಿಗೆ ಕರೆದೊಯ್ದು ರೈಟ್ ಸಹೋದರರ 1905ರ ವಿಮಾನವನ್ನು ತೋರಿಸಿದ. ಸೈಕಲ್ ಅಂಗಡಿಯ ಆ ಅಣ್ಣತಮ್ಮಂದಿರು ಹಡಗಿನ ಪ್ರೊಪೆಲರಿನ ಲೆಕ್ಕವನ್ನು ಎರವಲು ಪಡೆಯಲು ಹೋಗಿ, ಅಂಥ ಲೆಕ್ಕವೇ ಇಲ್ಲವೆಂದು ಕಂಡು, ಪ್ರೊಪೆಲರ್ ತಿರುಗುವ ರೆಕ್ಕೆಯೆಂದು ತಾವೇ ಕಂಡುಕೊಂಡರು. ಎಂಟೂವರೆ ಅಡಿಯ ಪ್ರೊಪೆಲರುಗಳನ್ನು ಕೈಯಿಂದಲೇ ಕೆತ್ತಿದರು. ಅಷ್ಟಾದರೂ 1904ರಲ್ಲಿ ಇದೇ ಓಹಾಯೋದ ಬಯಲಿನಲ್ಲಿ ಅವರ ವಿಮಾನ ಏಳಲು ತಿಣುಕಿತು. ಕೊನೆಗೆ ಎತ್ತರದ ಅಟ್ಟಣೆಯಿಂದ ಭಾರವನ್ನು ಬೀಳಿಸಿ, ಹಗ್ಗದಿಂದ ವಿಮಾನವನ್ನು ಎಳೆಸಬೇಕಾಯಿತು. ಇದನ್ನು ಓದಿ ನನಗೆ ತುಸು ಸಮಾಧಾನವಾಯಿತೆಂದು ಒಪ್ಪಿಕೊಳ್ಳುತ್ತೇನೆ.

ಹೊಸ ಪ್ರೊಪೆಲರ್ ಸೆಪ್ಟೆಂಬರಿನಲ್ಲಿ ಬಂತು. ಗುಂಬದಿಂದ ಏಳು ಇಂಚಿನಲ್ಲಿ ಅಲಗಿನ ಕೋನ ಅಳೆದೆ. ತ್ರಿಜ್ಯ 7, ಪರಿಧಿ 44, ಪಿಚ್ಚೂ 44. ಕೋನ ಸರಿಯಾಗಿ 45 ಡಿಗ್ರಿ. ತುದಿಗೆ ಹೋಗುವಷ್ಟರಲ್ಲಿ 15ಕ್ಕೂ ಕಡಿಮೆ. ಪಿಚ್ ಎಲ್ಲೆಡೆ ಒಂದೇ ಇರಬೇಕಾದರೆ ಅಲಗು ಹೀಗೆ ತಿರುಚಿಕೊಳ್ಳಲೇಬೇಕು. ಇದನ್ನು ತರಗತಿಯಲ್ಲಿ ತೋರಿಸುವ ಭಾಗ್ಯ ನನಗಿರಲಿಲ್ಲ.

ನಿಲ್ಲಿಸಿ ಪರೀಕ್ಷಿಸಿದಾಗ 2950 ಸುತ್ತು ಬಂತು. ಅದೇ ಮರಳಿನೊಂದಿಗೆ ವಿಮಾನ ಪಟ್ಟಿಯ ಅರ್ಧದಲ್ಲಿಯೇ ಎದ್ದು, ಮರಗಳನ್ನು ಬಹಳ ಕೆಳಗೆ ಬಿಟ್ಟು ಹೋಯಿತು. ನನ್ನನ್ನು ನಿಜಕ್ಕೂ ನಾಚಿಸಿದ್ದು ಬೇರೆ. ಮೇಲೆ ಸಮಮಟ್ಟದಲ್ಲಿ, ಪೂರ್ತಿ ಥ್ರಾಟಲಿನಲ್ಲಿ, 50ರ ಪ್ರೊಪೆಲರ್ 2850 ಸುತ್ತಿಗೇ ಸುಸ್ತಾಗುತ್ತಿತ್ತು. 44ರದು 3250 ತಿರುಗಿತು. ವೇಗ ಎರಡರಲ್ಲಿಯೂ ಗಂಟೆಗೆ ಸುಮಾರು 130 ಮೈಲಿ! ಯಾವ ವೇಗಕ್ಕಾಗಿ ಆ ಹುಡುಗನನ್ನು ಮರಗಳ ನಡುವೆ ನುಗ್ಗಿಸಿದ್ದೆನೋ ಆ ವೇಗ ಅಲ್ಲಿ ಇರಲೇ ಇಲ್ಲ. 42ಕ್ಕೋ 40ಕ್ಕೋ ಇಳಿಸಿದ್ದರೆ ಇನ್ನೂ ಬೇಗ ಏಳುತ್ತಿತ್ತು. ಆದರೆ ಮೇಲೆ ಎಂಜಿನ್ನು ಮಿತಿಮೀರಿ ತಿರುಗದಂತೆ ಥ್ರಾಟಲನ್ನು ಸದಾ ಹಿಡಿದಿಡಬೇಕಾಗುತ್ತಿತ್ತು. ಈಗಲೂ 50ಕ್ಕಿಂತ ಸದ್ದು ಜಾಸ್ತಿಯೇ.

ಅಕ್ಟೋಬರಿನ ಒಂದು ತಣ್ಣನೆಯ ಬೆಳಿಗ್ಗೆ ಮರಳಿನ ಜಾಗದಲ್ಲಿ ನಾನು ಕುಳಿತೆ. ಎದುರಿನ ಫಲಕದಲ್ಲಿ, ಇದು ಹವ್ಯಾಸಿಗಳು ಕಟ್ಟಿದ ವಿಮಾನ, ಸಾಮಾನ್ಯ ವಿಮಾನಗಳ ಸುರಕ್ಷತಾ ನಿಯಮಗಳಿಗೆ ಒಳಪಟ್ಟಿಲ್ಲ ಎಂಬ ಎಚ್ಚರಿಕೆ ಇತ್ತು. ಕಾನೂನಿನ ಪ್ರಕಾರ ಇರಲೇಬೇಕಾದದ್ದು. ಹೊರಡುವ ಮುನ್ನ ಹುಡುಗ ಗುಂಬದ ಆರೂ ಬೋಲ್ಟುಗಳ ಬಿಗಿತವನ್ನು ಮತ್ತೊಮ್ಮೆ ಅಳೆದ. ಮರ ಋತುವಿಗೆ ತಕ್ಕಂತೆ ಹಿಗ್ಗುತ್ತದೆ, ಕುಗ್ಗುತ್ತದೆ. "ಲೆಕ್ಕ ತಪ್ಪಾಗಿತ್ತು, ನೀನೇ ಸರಿ" ಎಂದೆ. "ಭಾಗಾಕಾರ ಸರಿಯಾಗೇ ಇತ್ತು ಚಿಕ್ಕಪ್ಪ" ಎಂದು ಬಾಗಿಲು ಹಾಕಿದ.

ಹಳೆಯ ಪ್ರೊಪೆಲರನ್ನು ಮುಂದೊಮ್ಮೆ ಊರಿಗೆ ಬಂದಾಗ ಬಟ್ಟೆಯಲ್ಲಿ ಸುತ್ತಿ ತಂದುಕೊಟ್ಟ. ನನ್ನ ಮೇಜಿನ ಮೇಲ್ಗಡೆ ಗೋಡೆಗೆ ತೂಗುಹಾಕಿದ್ದೇನೆ. ಗುಂಬದ ಮೇಲೆ 54, 50 ಎಂಬ ಅಂಕಿಗಳು ಸ್ಪಷ್ಟವಾಗಿವೆ. ಅಣ್ಣ ಬಂದಾಗಲೆಲ್ಲ ಅದರ ಮೇಲೆ ಕೈಯಾಡಿಸಿ, "ಇಷ್ಟು ಚೆನ್ನಾಗಿದೆಯಲ್ಲೋ, ಯಾಕೆ ತೆಗೆದ?" ಎಂದು ಕೇಳುತ್ತಿದ್ದ. ಹಳೆಯದಾಯಿತೆಂದು ಹೇಳುತ್ತಿದ್ದೆ.

ಅತ್ತಿಗೆಗೆ ಮೊಮ್ಮಗಳು ಈ ಬರಹಗಳನ್ನು ಓದಿ ಹೇಳುತ್ತಾಳೆ. ನಾಳೆ ಫೋನು ಬರುತ್ತದೆ.