ಖರ್ಜದ ತಂತಿ

ಪಾಠಶಾಲೆಯಲ್ಲಿ ಸಂಸ್ಕೃತವನ್ನೋದಿದ ನನಗೆ, ಗಾನವೇ ಪ್ರಧಾನ, ವಾದ್ಯವು ಅದರ ಅನುಚರವೆಂಬ ದುರಭಿಮಾನವಿದ್ದಿತು. ಒಂದು ರಾತ್ರಿ ಇಬ್ರಾಹಿಂಪುರದ ನಮ್ಮ ಮನೆಯಲ್ಲಿ ಧಾರವಾಡ ಆಕಾಶವಾಣಿಯಿಂದ ಉಸ್ತಾದ ಬಾಲೇಖಾನರ (1942–2007) ಸಿತಾರವು ಕೇಳಿಬರುತ್ತಿದ್ದಿತು. ಹಾಸಿಗೆ ಹಿಡಿದಿದ್ದ ತಂದೆಯವರು ಅರೆನಿದ್ರೆಯಲ್ಲಿ, “ಯಾರಪಾ ಹಾಡಲಿಕ್ಕತ್ತಾರ?” ಎಂದರು. ಅದು ಹಾಡಲ್ಲ, ತಂತಿ ಎಂದು ಹೇಳಲು ನನಗೆ ಬಾಯಿ ಬಾರದೆ ಹೋಯಿತು.

ಆ ದನಿಯ ಮೂಲವು ಬಾಲೇಖಾನರ ಅಜ್ಜ ರಹಿಮತಖಾನರಲ್ಲಿರುವದು. ಬೀನಕಾರ ಬಂದೇ ಅಲಿಖಾನರ ಶಿಷ್ಯರಾದ ಅವರು ಸಿತಾರಕ್ಕೆ ಖರ್ಜದ ತಂತಿಗಳನ್ನು ಕೂಡಿಸಿ ಏಳು ತಂತಿಗಳ ಕ್ರಮವನ್ನು ರೂಢಿಸಿದರು; ಬೀನದ ಗಂಭೀರವಾದ ಮಂದ್ರಾಲಾಪಕ್ಕೆ ಸಿತಾರದಲ್ಲಿಯೂ ಎಡೆಯಾಯಿತು. ಗಾಯಕರ ಊರೆಂದೇ ಹೆಸರಾದ ಧಾರವಾಡದಲ್ಲಿ ತಂತಿಗೂ ಒಂದು ಘರಾಣೆ ನಿಂತಿತು. ಇದು ಸಾಮಾನ್ಯವಾದ ಮಾತಲ್ಲ. ರಹಿಮತಖಾನರು 1954ರಲ್ಲಿ ತೀರಿಕೊಂಡರು. ಮೊಮ್ಮಗನು ಅದೇ ಆಕಾಶವಾಣಿಯಲ್ಲಿ ಕಲಾವಿದನಾದನು.

ತಂದೆಯವರು ಕೊನೆಯವರೆಗೂ ಆ “ಗಾಯಕ”ನನ್ನು ಕೇಳುತ್ತಿದ್ದರು. ನಾನು ತಿದ್ದಲಿಲ್ಲ.